ಒಳ್ಳೆಯವನೋ ಕೆಟ್ಟವನೋ ಅದಲ್ಲ, ಲೆಕ್ಕ ಎಲ್ಲಿ?



ನಮ್ಮ ಹಳ್ಳಿಗಳಲ್ಲಿ ಮಳೆಗೆ ಬರ ಬರಬಹುದು, ಬೆಲೆಗೆ ಬರ ಬರಬಹುದು, ಕಟ್ಟೆ ಮಾತಿಗೆ ಮಾತ್ರ ಬರ ಬಂದದ್ದಿಲ್ಲ. ಸಂಜೆ ಅರಳೀಕಟ್ಟೆ ಮೇಲೆ ನಾಲ್ಕು ಜನ ಕೂತರೆ ಸಾಕು, ಬ್ಯಾಂಕಿನಿಂದ ಹಿಡಿದು ಕೋರ್ಟಿನವರೆಗೆ, ಮಂಡಿಯಿಂದ ಹಿಡಿದು ಮೊಬೈಲಿನವರೆಗೆ ಎಲ್ಲದಕ್ಕೂ ತೀರ್ಪು ಆಗಿಹೋಗುತ್ತದೆ. "ಈಗಿನ ಮ್ಯಾನೇಜರು ಒಳ್ಳೆಯವನು ಕಣಯ್ಯಾ, ಹಿಂದಿನವನಿಗೆ ಬಲು ಕೊಬ್ಬು." "ದಲ್ಲಾಳಿ ಏನೇ ಅಂದ್ರೂ ಕಷ್ಟಕ್ಕೆ ಆಗ್ತಾನೆ." "ಲಾಯರಿ ಕೈಗೆ ಸಿಕ್ಕಿದವನು ಬದುಕಿದ್ದುಂಟಾ?" "ಸರ್ಕಾರಿ ನೌಕರಿ ಸಿಕ್ಕಿದರೆ ಹುಡುಗನ ಜನ್ಮ ಸಾರ್ಥಕ." "ಮೊಬೈಲ್ ಬಂದಮೇಲೆ ಯಾರೂ ಯಾರಿಗೂ ಟೋಪಿ ಹಾಕೋಕಾಗಲ್ಲ ಬಿಡು." ಕೊನೆಗೆ ಎಲ್ಲರೂ ಒಪ್ಪುವ ಮಾತು ಒಂದೇ: "ಎಲ್ಲಾ ಅಷ್ಟೇ. ನಮ್ಮ ಕೈಲೇನೈತೆ?" ಅಷ್ಟಕ್ಕೆ ಸಭೆ ಬರಖಾಸ್ತು. ಮಾರನೆ ದಿನ ಅದೇ ಬ್ಯಾಂಕಿಗೆ ಹೋಗಿ, ಅವರು ಬೆರಳು ತೋರಿಸಿದ ಕಡೆಯೆಲ್ಲ ರುಜು ಹಾಕಿ ಬರುತ್ತೇವೆ.

ಈ ಕಟ್ಟೆ ಮಾತಿನಿಂದ ರೈತನಿಗೆ ಆಗಿರುವ ನಷ್ಟ ಬರಗಾಲದಿಂದ ಆದ ನಷ್ಟಕ್ಕೆ ಕಡಿಮೆಯದಲ್ಲ. ಯಾಕೆಂದರೆ ನಾವು ಆಳನ್ನು ನೋಡುತ್ತೇವೆ, ಲೆಕ್ಕ ನೋಡುವುದಿಲ್ಲ. ಮನುಷ್ಯ ನಗುನಗುತ್ತಾ ಮಾತಾಡಿದರೆ ಸಂಸ್ಥೆ ಒಳ್ಳೆಯದು, ಗದರಿದರೆ ಕೆಟ್ಟದ್ದು. ನಗುನಗುತ್ತಾ ಕೊಯ್ದರೆ ಕತ್ತು ನೋಯುವುದಿಲ್ಲವೇ? ಮ್ಯಾನೇಜರು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ಸಾಲದ ಪುಸ್ತಕ ಎಲ್ಲಿಗೂ ವರ್ಗವಾಗುವುದಿಲ್ಲ, ಅದು ಮಗನ ಕಾಲಕ್ಕೂ ಅಲ್ಲೇ ಇರುತ್ತದೆ. ಆದ್ದರಿಂದ ಕಟ್ಟೆ ಮೇಲೆ ದಿನಾ ನಡೆಯುವ ಒಂದೊಂದು ಮಾತನ್ನೂ ಹಿಡಿದು ಜಾಲಿಸಿ ನೋಡೋಣ.

ಬ್ಯಾಂಕಿನ ಮಾತು

ಮೊದಲು ಒಂದು ವಿಷಯ ನೆನಪಿರಲಿ. ಇಡೀ ಭಾರತದಲ್ಲಿ ರೈತರ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ. ಕಟ್ಟಿದವರು ಸಿದ್ದನಗೌಡ ಪಾಟೀಲರು. ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಲಿ ಅಂತ ಕಟ್ಟಿದ್ದು. ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್ ಬ್ಯಾಂಕುಗಳೂ ಈ ನೆಲದಲ್ಲೇ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಅಂತ ಮನೆ ಮನೆಗೆ ಹೋಗಿ ಪುಡಿಗಾಸು ಕೂಡಿಸಿ ದೊಡ್ಡವರಾದರು. 1969ರಲ್ಲಿ 14 ಬ್ಯಾಂಕು, 1980ರಲ್ಲಿ ಮತ್ತೆ 6 ಬ್ಯಾಂಕು ರಾಷ್ಟ್ರೀಕರಣವಾದಾಗ ಹೇಳಿದ್ದೇನು? ಬ್ಯಾಂಕು ಹಳ್ಳಿಗೆ ಬರಬೇಕು, ರೈತನಿಗೆ ಸಾಲ ಸಿಗಬೇಕು ಅಂತ. ಬಂದದ್ದೂ ಹೌದು. ಆಮೇಲೆ ಏನಾಯಿತು? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಹೋಯಿತು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾದೊಳಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಕರಗಿದವು. ಈಗ ಎಷ್ಟೋ ಶಾಖೆಗಳಲ್ಲಿ ಕೌಂಟರಿನ ಆಚೆ ಕೂತವನಿಗೆ ಕನ್ನಡ ಬಾರದು, ಈಚೆ ನಿಂತವನಿಗೆ ಹಿಂದಿ ಬಾರದು. ಅವನೂ ಯಾರೋ ರೈತನ ಮಗನೇ ಇರಬಹುದು, ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನಮ್ಮ ಜಮೀನು ಅಡವಿಟ್ಟುಕೊಳ್ಳುವ ಕಾಗದವನ್ನು ನಮ್ಮ ಭಾಷೆಯಲ್ಲಿ ಓದಿ ಹೇಳಲಾರದ ಸಂಸ್ಥೆಗೆ ನಮ್ಮ ಹೆಬ್ಬೆಟ್ಟು ಕೇಳುವ ಹಕ್ಕು ಎಲ್ಲಿಂದ ಬಂತು?

ಇನ್ನು ಕಾನೂನಿಗೆ ಬನ್ನಿ. ಮ್ಯಾನೇಜರು ಒಳ್ಳೆಯವನೋ ಕೆಟ್ಟವನೋ, ಅವನು ಹೇಳದೆ ಬಿಡುವ ನಾಲ್ಕು ಸಂಗತಿಗಳಿವೆ.

ಒಂದು. ಬೆಳೆ ಸಾಲಕ್ಕೆ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಚಕ್ರಬಡ್ಡಿ ಹಾಕುವಂತಿಲ್ಲ. ರೈತನ ಕೈಗೆ ದುಡ್ಡು ಬರುವುದು ಸುಗ್ಗಿಗೆ, ಹಾಗಾಗಿ ವರ್ಷಕ್ಕೊಮ್ಮೆ ಮಾತ್ರ ಲೆಕ್ಕ. ಇದನ್ನು ಹೇಳಿದ್ದು ಸುಪ್ರೀಂ ಕೋರ್ಟು, 1994ರಲ್ಲಿ. ಅದೂ ಕರ್ನಾಟಕದ ಒಬ್ಬ ಗೌಡರ ಮತ್ತು ಬ್ಯಾಂಕಿನ ನಡುವಿನ ಮೊಕದ್ದಮೆಯಲ್ಲೇ.

ಎರಡು. ಸಣ್ಣ ರೈತರ, ಅತಿ ಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ ಒಟ್ಟು ಬಡ್ಡಿ ಅಸಲನ್ನು ಮೀರಬಾರದು. ಐವತ್ತು ಸಾವಿರ ಸಾಲಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಬಡ್ಡಿ ಬರೆಯುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನದೇ ನಿಯಮ.

ಮೂರು. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಬ್ಯಾಂಕು ಆಧಾರ ಕೇಳುವಂತಿಲ್ಲ. ಅದಕ್ಕೂ ಮುಂಚೆ 1 ಲಕ್ಷ 60 ಸಾವಿರ ಇತ್ತು. ಆದರೂ ಐವತ್ತು ಸಾವಿರದ ಸಾಲಕ್ಕೆ ಪಹಣಿ ಪೂರ್ತಿ ಬ್ಯಾಂಕಿನ ಹೆಸರಿಗೆ ಹೊರೆ ಹತ್ತಿಸಿ, ಮೇಲೆ ಇಬ್ಬರು ಜಾಮೀನು ತಂದವರು ನಮ್ಮ ನಡುವೆ ಎಷ್ಟು ಜನ ಇಲ್ಲ?

ನಾಲ್ಕು. 2002ರ ಸರ್ಫೇಸಿ ಕಾಯ್ದೆಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತದೆಯೇ ಆಸ್ತಿ ಜಪ್ತಿ ಮಾಡುವ ಅಧಿಕಾರ ಬ್ಯಾಂಕಿಗೆ ಇದೆ. ಆದರೆ ಅದೇ ಕಾಯ್ದೆಯ 31ನೇ ಕಲಮು ಕೃಷಿ ಜಮೀನನ್ನು ಅದರಿಂದ ಹೊರಗಿಟ್ಟಿದೆ. ಹಾಗಂತ ವಸೂಲಿಗೆ ಬೇರೆ ಕಾನೂನು ಇಲ್ಲ ಅಂತ ತಿಳಿಯಬೇಡಿ, ಇವೆ. ಆದರೆ ಅಲ್ಲೆಲ್ಲ ನಿಮ್ಮ ಮಾತು ಹೇಳಲು ಒಂದು ಜಾಗ ಇದೆ. ಸರ್ಫೇಸಿ ಹೆಸರು ಬರೆದ ನೋಟೀಸು ಹೊಲಕ್ಕೆ ಬಂದರೆ ಹೆದರಿ ಹೊಲ ಮಾರಲು ಓಡಬೇಡಿ. ಮೊದಲು ಆ ಕಾಗದ ಹಿಡಿದು ಸಂಘಕ್ಕೆ ಬನ್ನಿ.

ಈ ನಾಲ್ಕೂ ಕಾಗದದ ಮೇಲೆ ಇವೆ. ಯಾರೂ ದಯೆಯಿಂದ ಕೊಟ್ಟದ್ದಲ್ಲ. ಈಗ ಹೇಳಿ, ನಿಮ್ಮಲ್ಲಿ ಎಷ್ಟು ಜನ ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ ನೋಡಿದ್ದೀರಿ? ಮದುವೆಯಲ್ಲಿ ಮುಯ್ಯಿ ಬಂದ ಹತ್ತು ರೂಪಾಯಿಗೂ ಪುಸ್ತಕ ಇಡುವ ನಾವು, ಲಕ್ಷ ಲಕ್ಷ ಸಾಲದ ಲೆಕ್ಕವನ್ನು ಸಾಲ ಕೊಟ್ಟವನ ಬಾಯಿಂದಲೇ ಕೇಳಿ ನಂಬುತ್ತೇವೆ.

ಬಡ್ಡಿಯಿಲ್ಲದ ಸಾಲದ ಕಥೆ ಇನ್ನೂ ಸೊಗಸು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದಿಂದ 3 ಲಕ್ಷದವರೆಗೆ ಶೂನ್ಯ ಬಡ್ಡಿ ಇತ್ತು, 2023ರಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ವಾಯಿದೆ ದಿನ ತಪ್ಪಿದರೆ ಶೂನ್ಯ ಹೋಗಿ ಬಡ್ಡಿ ಬರುತ್ತದೆ. ಆ ದಿನಕ್ಕೆ ಸರಿಯಾಗಿ ಬೆಳೆ ಮಾರಿರುತ್ತದೆಯೇ? ಇಲ್ಲ. ಆಗ ರೈತ ಏನು ಮಾಡುತ್ತಾನೆ? ಪೇಟೆಯಲ್ಲಿ ಕೈಸಾಲ ತಂದು ಸಂಘಕ್ಕೆ ಕಟ್ಟಿ, ಹೊಸ ಸಾಲ ಬರುವವರೆಗೆ ಕಾಯುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಒಂದು ಲಕ್ಷಕ್ಕೆ ಹದಿನೈದು ದಿನಕ್ಕೆ ಸಾವಿರದೈನೂರು ಆಯಿತು. ಸಂಘದ ಪುಸ್ತಕದಲ್ಲಿ ಬಡ್ಡಿ ಸೊನ್ನೆ, ರೈತನ ಜೇಬಿನಿಂದ ಹೋದದ್ದು ಸೊನ್ನೆಯಲ್ಲ. ವಾಯಿದೆಯನ್ನು ಬೆಳೆ ಮಾರುವ ಕಾಲಕ್ಕೆ ಹೊಂದಿಸಿ ಅಂತ ಕೇಳಿದರೆ ಕಂಪ್ಯೂಟರ್ ಒಪ್ಪುವುದಿಲ್ಲವಂತೆ. ಕಂಪ್ಯೂಟರಿಗೆ ಸುಗ್ಗಿ ಯಾವಾಗ ಅಂತ ಹೇಳಿಕೊಡಬೇಕಾದವರು ಯಾರು?

ಪೇಟೆಯವರ ಬಾಯಲ್ಲಿ ಮತ್ತೊಂದು ಮಾತು ಓಡಾಡುತ್ತದೆ: "ರೈತರಿಗೆ ಸಾಲ ಮನ್ನಾ ಚಟ ಆಗಿದೆ." 2008ರಲ್ಲಿ ಕೇಂದ್ರ ಸರ್ಕಾರ ಮನ್ನಾ ಮಾಡಿತು, 2017ರಲ್ಲಿ, 2018ರಲ್ಲಿ ರಾಜ್ಯ ಸರ್ಕಾರ ಮಾಡಿತು. ಹೌದು. ಆದರೆ 2014-15ರಿಂದ ಒಂಬತ್ತು ವರ್ಷದಲ್ಲಿ ದೇಶದ ಬ್ಯಾಂಕುಗಳು ವಸೂಲಾಗದ ಸಾಲ ಅಂತ ಪುಸ್ತಕದಿಂದ ತೆಗೆದಿಟ್ಟದ್ದು 14 ಲಕ್ಷ 56 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಅರ್ಧದಷ್ಟು ದೊಡ್ಡ ಉದ್ಯಮಗಳದು. ಸರ್ಕಾರವೇ 2023ರಲ್ಲಿ ಪಾರ್ಲಿಮೆಂಟಿನಲ್ಲಿ ಕೊಟ್ಟ ಲೆಕ್ಕ ಇದು. ತೆಗೆದಿಟ್ಟರೆ ಮನ್ನಾ ಆದ ಹಾಗಲ್ಲ, ವಸೂಲಿ ನಡೆಯುತ್ತಲೇ ಇರುತ್ತದೆ ಅನ್ನುತ್ತಾರೆ. ಆಗಲಿ ಸ್ವಾಮಿ, ಒಪ್ಪಿಕೊಂಡೆವು. ಆದರೆ ಆ ಉದ್ಯಮಿಯ ಹೆಸರನ್ನು ಯಾವ ಊರಿನ ನೋಟೀಸು ಬೋರ್ಡಿಗೆ ಅಂಟಿಸಿದರು? ಯಾರ ಮನೆ ಮುಂದೆ ಜೀಪು ನಿಂತಿತು? ರೈತನಿಗೆ ಮನ್ನಾ ಅಂದರೆ ಪತ್ರಿಕೆಯ ಮೊದಲ ಪುಟದಲ್ಲಿ ಹೊಟ್ಟೆಯುರಿ. ಅವರಿಗೆ ಆದರೆ ಅದಕ್ಕೆ ಯಾರಿಗೂ ಅರ್ಥವಾಗದ ಇಂಗ್ಲಿಷ್ ಹೆಸರು.

ಮಂಡಿಯ ಮಾತು

"ದಲ್ಲಾಳಿ ಕಷ್ಟಕ್ಕೆ ಆಗ್ತಾನೆ." ನಿಜ, ಆಗುತ್ತಾನೆ. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ದುಡ್ಡು ಬೇಕೆಂದರೆ ಯಾವ ಬ್ಯಾಂಕಿನ ಬಾಗಿಲೂ ತೆರೆಯುವುದಿಲ್ಲ, ದಲ್ಲಾಳಿಯ ಬಾಗಿಲು ತೆರೆಯುತ್ತದೆ. ಮಗಳ ಮದುವೆಗೆ, ಮಗನ ಫೀಸಿಗೆ ಅವನೇ. ಇದನ್ನು ಅಲ್ಲಗಳೆಯುವುದು ಬೇಡ. ಆದರೆ ಆ ಉಪಕಾರದ ಬೆಲೆ ಎಷ್ಟು ಅಂತ ಒಂದು ಸಲವಾದರೂ ಕೂಡಿ ನೋಡಿದ್ದೇವೆಯೇ?

1966ರ ನಮ್ಮ ಎಪಿಎಂಸಿ ಕಾಯ್ದೆ ಬಂದದ್ದೇ ತೂಕದಲ್ಲಿ, ದರದಲ್ಲಿ, ಕಮಿಷನ್ನಿನಲ್ಲಿ ಆಗುವ ಮೋಸ ತಡೆಯಲಿಕ್ಕೆ. ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಆದರೂ ಹಣ್ಣು ತರಕಾರಿ ಮಂಡಿಗಳಲ್ಲಿ ರೈತನಿಂದ ನೂರಕ್ಕೆ ಇಷ್ಟು ಅಂತ ಮುರಿದುಕೊಳ್ಳುವುದು ಹಾಡುಹಗಲೇ ನಡೆಯುತ್ತದೆ. ಕೊಟ್ಟ ಚೀಟಿಗೆ ಹೆಸರೇ ಬಿಳಿ ಚೀಟಿ. ಅದರಲ್ಲಿ ಅಂಗಡಿ ಹೆಸರಿಲ್ಲ, ಲೈಸೆನ್ಸ್ ನಂಬರಿಲ್ಲ, ಕೋರ್ಟಿಗೆ ಒಯ್ದರೆ ಬೀಡಿ ಹಚ್ಚುವುದಕ್ಕೂ ಬಾರದ ಕಾಗದ. ಅದರ ಮೇಲೆ ಸೂಟು ಅಂತ ಮೂಟೆಗೆ ಒಂದು ಕೆಜಿ, ಎರಡು ಕೆಜಿ ಮುರಿಯುತ್ತಾರೆ. ಗೋಣಿ ತೂಕ ಅಂತಾರೆ, ತೇವ ಅಂತಾರೆ, ಧೂಳು ಅಂತಾರೆ. ಸ್ಯಾಂಪಲ್ ಅಂತ ಬೊಗಸೆ ಬೊಗಸೆ ತೆಗೆದದ್ದು ವಾಪಸ್ ಬರುವುದಿಲ್ಲ. ನಾವು ಅಂಗಡಿಗೆ ಹೋಗಿ ಸಕ್ಕರೆ ಕೊಂಡಾಗ "ಚೀಲದ ಸೂಟು ಬಿಡಯ್ಯಾ" ಅಂದರೆ ಸೆಟ್ಟರು ಬಿಡುತ್ತಾರೆಯೇ?

ಅವನಿಂದ ಸಾಲ ತಂದಿರುವ ಕಾರಣಕ್ಕೆ ಮಾಲು ಅವನ ಅಂಗಡಿಗೇ ಹೋಗಬೇಕು. ಪಕ್ಕದ ಅಂಗಡಿಯಲ್ಲಿ ನೂರು ರೂಪಾಯಿ ಹೆಚ್ಚಿಗೆ ಕೂಗಿದರೂ ಕಿವಿ ಮುಚ್ಚಿಕೊಳ್ಳಬೇಕು. ಅಲ್ಲಿಗೆ ಕೈಸಾಲದ ಬಡ್ಡಿ ಎರಡು ಸಲ ಕಟ್ಟಿದಂತಾಯಿತು, ಒಂದು ಸಲ ದುಡ್ಡಿನಲ್ಲಿ, ಇನ್ನೊಂದು ಸಲ ದರದಲ್ಲಿ.

2020ರಲ್ಲಿ ಕೇಂದ್ರದ ಮೂರು ಕಾಯ್ದೆಗಳು ಬಂದಾಗ ರೈತರು ದೆಹಲಿಯ ಗಡಿಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕೂತರು, 2021ರ ಕೊನೆಗೆ ಸರ್ಕಾರ ಅವನ್ನು ವಾಪಸ್ ತೆಗೆದುಕೊಂಡಿತು. ನಾವೂ ಇಲ್ಲಿ ಎಪಿಎಂಸಿ ಉಳಿಸಿ ಅಂತ ಕೂಗಿದೆವು. ಆ ಕೂಗು ಸರಿಯಾದ್ದೇ. ಆದರೆ ನಾವು ಉಳಿಸಿ ಅಂದದ್ದು ಬಹಿರಂಗ ಹರಾಜನ್ನು, ಸರ್ಕಾರಿ ತಕ್ಕಡಿಯನ್ನು, ನಮ್ಮ ಓಟಿನಿಂದ ಆಗುವ ಸಮಿತಿಯನ್ನು. ಬಿಳಿ ಚೀಟಿಯನ್ನಲ್ಲ. ಮಂಡಿ ನಮ್ಮದು ಅನ್ನುವವರು ಮಂಡಿಯ ಕಸವನ್ನೂ ಗುಡಿಸಬೇಕು. ಇಲ್ಲದಿದ್ದರೆ ನಾಳೆ ಕಂಪನಿಯವನು ಹೊರಗೆ ನಿಂತು "ನೋಡಿ, ನಾನು ಸೂಟು ಮುರಿಯುವುದಿಲ್ಲ" ಅಂದರೆ ನಮ್ಮ ಹುಡುಗರೇ ಅವನ ಹಿಂದೆ ಹೋಗುತ್ತಾರೆ.

ಗೊಬ್ಬರದ ಅಂಗಡಿಯಲ್ಲೂ ಇದೇ ಪಾಡು. 45 ಕೆಜಿ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆ ಅಂತ ಅಚ್ಚಾಗಿದೆ. ಅಭಾವ ಬಂದ ಕೂಡಲೇ ಬೆಲೆ ಏರುತ್ತದೆ, ಇಲ್ಲವೇ ಬೇಡದ ಬಾಟಲಿಯೊಂದನ್ನು ಜೊತೆಗೆ ಅಂಟಿಸುತ್ತಾರೆ. "ಬೇಕಾದ್ರೆ ತಗೋ, ಬೇಡವಾದ್ರೆ ಬಿಡು." ಬಿಲ್ಲು ಕೇಳಿದವನಿಗೆ ಸ್ಟಾಕ್ ಇಲ್ಲ. ಒಬ್ಬನೇ ಕೇಳಿದರೆ ಹೀಗೇ. ಊರಿನ ಮೂವತ್ತು ಜನ ಒಟ್ಟಿಗೆ ನಿಂತು ಬಿಲ್ಲು ಕೇಳಿದರೆ ಸ್ಟಾಕು ಒಳಗಿನಿಂದ ತಾನೇ ಹೊರಗೆ ಬರುತ್ತದೆ.

ನೌಕರಿಯ ಮಾತು

ಇಡೀ ಹಳ್ಳಿಯಲ್ಲಿ ಹೆಣ್ಣು ಕೊಡುವವರ ಮಾತು ಒಂದೇ: "ಹುಡುಗ ಜವಾನನಾದರೂ ಸರಿ, ಸರ್ಕಾರಿ ನೌಕರಿ ಇರಲಿ." ಹತ್ತು ಎಕರೆ ನೀರಾವರಿ ಇರುವ ಹುಡುಗನಿಗೆ ನಲವತ್ತಾದರೂ ಕಂಕಣ ಕೂಡಿಬರುವುದಿಲ್ಲ. ಹೆಣ್ಣು ಹೆತ್ತವರನ್ನು ಬೈದು ಪ್ರಯೋಜನವಿಲ್ಲ. ಅವರು ಲೆಕ್ಕ ಬಲ್ಲವರು.

ಕೇಂದ್ರ ಸರ್ಕಾರದ ಅತಿ ಕೆಳಗಿನ ನೌಕರನ ಮೂಲ ಸಂಬಳ 1986ರಲ್ಲಿ ನಾಲ್ಕನೇ ವೇತನ ಆಯೋಗದಿಂದ 750 ರೂಪಾಯಿ ಆಯಿತು. ಆ ವರ್ಷ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 146 ರೂಪಾಯಿ. 2016ರಲ್ಲಿ ಏಳನೇ ಆಯೋಗದಿಂದ ಅದೇ ನೌಕರನಿಗೆ 18,000 ರೂಪಾಯಿ. ಭತ್ತಕ್ಕೆ 1,470. ಸಂಬಳ 24 ಪಟ್ಟು ಏರಿತು, ಭತ್ತ 10 ಪಟ್ಟು ಏರಿತು. ಇನ್ನೊಂದು ರೀತಿ ಹೇಳುವುದಾದರೆ, 1986ರಲ್ಲಿ ಜವಾನನ ಒಂದು ತಿಂಗಳ ಮೂಲ ಸಂಬಳಕ್ಕೆ ಸಾಟಿಯಾಗಲು ರೈತ ಐದು ಕ್ವಿಂಟಾಲಿಗೆ ತುಸು ಹೆಚ್ಚು ಭತ್ತ ಮಾರಿದರೆ ಆಗುತ್ತಿತ್ತು. 2016ರಲ್ಲಿ ಹನ್ನೆರಡು ಕ್ವಿಂಟಾಲಿಗೂ ಮೇಲೆ ಮಾರಬೇಕು. ತುಟ್ಟಿಭತ್ಯೆ ಇದರಲ್ಲಿ ಸೇರಿಲ್ಲ.

ಇಲ್ಲಿ ಜವಾನನ ಮೇಲೆ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇಲ್ಲ. ಅವನು ನಮ್ಮ ಊರಿನವನೇ, ನಮ್ಮ ತಮ್ಮನೇ. ಅವನ ಸಂಬಳ ಸಾಲುತ್ತದೆಯೇ ಅಂತ ನೋಡಲು ಹತ್ತು ವರ್ಷಕ್ಕೊಂದು ಆಯೋಗ ಕೂರುತ್ತದೆ. ಅಕ್ಕಿ, ಬೇಳೆ, ಬಟ್ಟೆ, ಮನೆ ಬಾಡಿಗೆ ಎಲ್ಲ ಹಿಡಿದು ಲೆಕ್ಕ ಹಾಕುತ್ತದೆ. ಕೊಟ್ಟ ವರದಿ ಜಾರಿಯಾಗುತ್ತದೆ. ರೈತನಿಗೂ ಒಂದು ಆಯೋಗ ಕೂತಿತ್ತು. ಸ್ವಾಮಿನಾಥನ್ ಅವರ ಆಯೋಗ 2006ರಲ್ಲಿ, ಖರ್ಚಿನ ಮೇಲೆ ನೂರಕ್ಕೆ ಐವತ್ತು ಸೇರಿಸಿ ಬೆಲೆ ಕೊಡಿ ಅಂದಿತು. 2018ರಿಂದ ಕೊಡುತ್ತಿದ್ದೇವೆ ಅನ್ನುತ್ತಾರೆ. ಯಾವ ಖರ್ಚು? ಬೀಜ, ಗೊಬ್ಬರ, ಕೂಲಿ, ಮನೆಯವರ ದುಡಿಮೆ ಇಷ್ಟೇ. ಸ್ವಂತ ಜಮೀನಿನ ಗೇಣಿ, ಹಾಕಿದ ಬಂಡವಾಳದ ಬಡ್ಡಿ ಇದರಲ್ಲಿ ಸೇರಿಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟವನು ಮಳಿಗೆಯ ಬಾಡಿಗೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಖರ್ಚಿಗೆ ಬರೆಯದೆ ಇರುತ್ತಾನೆಯೇ? ಅದೂ ಹೋಗಲಿ, 2025-26ಕ್ಕೆ ಭತ್ತಕ್ಕೆ ಹೇಳಿದ 2,369 ರೂಪಾಯಿ ಕೂಡ ಖರೀದಿ ಕೇಂದ್ರ ತೆರೆದು ನಿಮ್ಮ ಮಾಲು ತೂಗಿದರೆ ಮಾತ್ರ ಬೆಲೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಕೇಂದ್ರ ತೆರೆದರೆ ಅದು ಗೋಡೆ ಮೇಲೆ ಬರೆದ ಅಂಕಿ ಅಷ್ಟೇ.

ಕೋರ್ಟಿನ ಮಾತು

ವಕೀಲರನ್ನು ಬೈಯುವುದು ನಮಗೆ ತಾಂಬೂಲ ಹಾಕಿಕೊಂಡಷ್ಟೇ ಸಲೀಸು. ಆದರೆ ರೈತ ಕೋರ್ಟಿಗೆ ಬೀಳುವುದು ಹೆಚ್ಚಾಗಿ ವಕೀಲರ ಕೈಯಿಂದ ಅಲ್ಲ, ತನ್ನದೇ ರುಜುವಿನಿಂದ. ಟ್ರ್ಯಾಕ್ಟರ್ ಸಾಲ ಕೊಡುವ ಖಾಸಗಿ ಫೈನಾನ್ಸಿನವರು ಮೊದಲು ಕೇಳುವುದೇ ರುಜು ಹಾಕಿದ ಖಾಲಿ ಚೆಕ್ಕು. "ಸುಮ್ನೆ ಭದ್ರತೆಗೆ ಗೌಡ್ರೇ, ಹಾಕೋದಿಲ್ಲ." ಎರಡು ಕಂತು ತಪ್ಪಿದ ಮೇಲೆ ಅದರಲ್ಲಿ ಅವರಿಗೆ ಬೇಕಾದ ಅಂಕಿ ಬರೆದು ಬ್ಯಾಂಕಿಗೆ ಹಾಕುತ್ತಾರೆ. ಚೆಕ್ಕು ಬೌನ್ಸಾದರೆ 1989ರಿಂದ ಅದು ಕ್ರಿಮಿನಲ್ ಕೇಸು. ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡರಷ್ಟರವರೆಗೆ ದಂಡ. ನೋಟೀಸು ಬಂದ ಹದಿನೈದು ದಿನದೊಳಗೆ ಹಣ ಕಟ್ಟಲು ಅವಕಾಶ ಇದೆ, ತಕರಾರಿದ್ದರೆ ಅಷ್ಟರಲ್ಲೇ ಉತ್ತರ ಕೊಡಬೇಕು. ನಮ್ಮವರು ಏನು ಮಾಡುತ್ತಾರೆ? ಅಂಚೆಯವನು ರಿಜಿಸ್ಟರ್ ತಂದರೆ "ಊರಲ್ಲಿಲ್ಲ ಅಂತ ಬರಿಯಪ್ಪಾ" ಅನ್ನುತ್ತಾರೆ. ಕಾಗದ ವಾಪಸ್ ಕಳಿಸಿದರೆ ಕೇಸು ವಾಪಸ್ ಹೋಗುವುದಿಲ್ಲ. ನೋಟೀಸು ಕೊಟ್ಟಂತೆಯೇ ಕೋರ್ಟು ಎಣಿಸುತ್ತದೆ.

ಕಂತು ತಪ್ಪಿತೆಂದು ನಾಲ್ಕು ಜನ ದಾಂಡಿಗರು ಹೊಲಕ್ಕೇ ಬಂದು ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗುವುದೂ ಕಾನೂನಲ್ಲ. ಗೂಂಡಾಗಳನ್ನು ಬಿಟ್ಟು ವಾಹನ ಕಿತ್ತುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನು ಕೂಡ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಮನೆ ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಮೈಕ್ರೋಫೈನಾನ್ಸಿನವರು ಮಾಡಿದ ಅವಮಾನ, ಊರು ಬಿಟ್ಟವರ ಕಥೆ, ಪ್ರಾಣ ಬಿಟ್ಟವರ ಕಥೆ ಇವೆಲ್ಲ ಮೇಲೆ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಅಂತ ಬರೆದಿದೆ. ಕಾನೂನು ಬಂದರೆ ಸಾಲದು, ಠಾಣೆಯಲ್ಲಿ ದೂರು ಬರೆದುಕೊಳ್ಳಬೇಕು. ಒಬ್ಬ ಹೆಂಗಸು ಹೋದರೆ ಕೂರಿಸಿ ಕಳಿಸುತ್ತಾರೆ. ಊರೇ ಹೋದರೆ ಬರೆದುಕೊಳ್ಳುತ್ತಾರೆ.

ಲೋಕ ಅದಾಲತ್ತಿನ ಬಗ್ಗೆಯೂ ಒಂದು ಮಾತು. ಕೋರ್ಟ್ ಫೀಸಿಲ್ಲ, ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ರಾಜಿ ಆಗುವುದು ನೀವು ಒಪ್ಪಿದರೆ ಮಾತ್ರ. ಒಪ್ಪಿ ರುಜು ಹಾಕಿದ ಮೇಲೆ ಅದಕ್ಕೆ ಅಪೀಲಿಲ್ಲ. ಬ್ಯಾಂಕಿನವರು ಜೀಪಿನಲ್ಲಿ ಕರೆದುಕೊಂಡು ಹೋದರು ಅಂತ ಹೇಳಿದ ಮೊತ್ತಕ್ಕೆಲ್ಲ ತಲೆ ಹಾಕಬೇಡಿ. ಲೆಕ್ಕದ ಪ್ರತಿ ಕೈಯಲ್ಲಿಲ್ಲದೆ ಆ ಮೇಜಿನ ಮುಂದೆ ಕೂರಲೇಬೇಡಿ.

ಮೊಬೈಲಿನ ಮಾತು

ಈಗ ಮನೆ ಮನೆಯಲ್ಲಿ ಮೊಬೈಲಿದೆ. ಮಂಡಿಯ ದರ ಬೆಳಿಗ್ಗೆಯೇ ಗೊತ್ತಾಗುತ್ತದೆ. 2016ರಲ್ಲಿ ದೇಶಕ್ಕೆಲ್ಲ ಒಂದೇ ಮಾರುಕಟ್ಟೆ ಅಂತ ಇ-ನಾಮ್ ಬಂತು. ದೂರದೂರಿನ ವ್ಯಾಪಾರಿ ಕೂತಲ್ಲೇ ಕೂಗುತ್ತಾನೆ, ರೈತ ರಾಜನಾಗುತ್ತಾನೆ ಅಂದರು. ದರ ಗೊತ್ತಾದದ್ದು ನಿಜ. ಆದರೆ ದರ ತಿಳಿಯುವುದು ಬೇರೆ, ದರ ಬರುವವರೆಗೆ ಕಾಯುವುದು ಬೇರೆ. ಇಂದು ಟೊಮೆಟೊ ಬೆಲೆ ಬಿದ್ದಿದೆ ಅಂತ ಮೊಬೈಲು ಹೇಳುತ್ತದೆ, ನಾಡಿದ್ದು ಏಳಬಹುದು ಅಂತಲೂ ಹೇಳಬಹುದು. ಟೊಮೆಟೊ ನಾಡಿದ್ದಿನವರೆಗೆ ಕಾಯುತ್ತದೆಯೇ? ಈರುಳ್ಳಿ ಕಾಯಬಹುದು, ಸಾಲ ಕಾಯುವುದಿಲ್ಲ. ಕೈಯಲ್ಲಿ ಗೋದಾಮಿಲ್ಲ, ಕಾಸಿಲ್ಲ, ಬರೀ ದರದ ಪಟ್ಟಿ ಇದ್ದರೆ, ಹಸಿದವನಿಗೆ ಹೋಟೆಲಿನ ಬೋರ್ಡು ಓದಿ ಹೇಳಿದ ಹಾಗೆ.

ಇನ್ನೊಂದು ಯಂತ್ರದ ಕಥೆ ಪಹಣಿಯದು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಶಾನುಭೋಗರ ಕಾಲದಿಂದ ಬಂದ ಪುಸ್ತಕದ ಹಿಡಿತ ತಪ್ಪಿತು. ಇದು ದೊಡ್ಡ ಕೆಲಸ, ಒಪ್ಪಬೇಕು. ಪಹಣಿ ಐದು ನಿಮಿಷದಲ್ಲಿ ಕೈಗೆ ಬರುತ್ತದೆ. ಆದರೆ ಆ ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ, ಎರಡು ಗುಂಟೆ ಕಡಿಮೆ ಇದ್ದರೆ? ಅದಕ್ಕೆ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ, ಸರ್ವೆಯವನು, ತಹಸೀಲ್ದಾರು, ಎಸಿ ಅಂತ ವರ್ಷಗಟ್ಟಲೆ ಚಪ್ಪಲಿ ಸವೆಯುತ್ತದೆ. ತಪ್ಪು ಐದು ನಿಮಿಷದಲ್ಲಿ ಅಚ್ಚಾಗುತ್ತದೆ, ತಿದ್ದುವುದಕ್ಕೆ ಮಾತ್ರ ಹಳೆಯ ಕಾಲದ ದಾರಿಯೇ. ಪೋಡಿಗೆ ಅರ್ಜಿ ಕೊಟ್ಟು ಕಾಯುತ್ತಿರುವವರನ್ನು ಕೇಳಿ ನೋಡಿ.

ಬೆಳೆ ಸಮೀಕ್ಷೆಯೂ ಈಗ ಮೊಬೈಲಿನಲ್ಲೇ. ಹೊಲದಲ್ಲಿ ನಿಂತು ಫೋಟೋ ಹೊಡೆಯಬೇಕಾದವನು ರಸ್ತೆಯಲ್ಲಿ ನಿಂತು ಹೊಡೆದರೆ ರಾಗಿ ಹೊಲ ಪಾಳು ಅಂತ ದಾಖಲಾಗುತ್ತದೆ. ಆಮೇಲೆ ರಾಗಿ ಖರೀದಿ ಕೇಂದ್ರಕ್ಕೆ ಹೋದರೆ "ನಿಮ್ಮ ಹೊಲದಲ್ಲಿ ರಾಗಿ ಇಲ್ಲವಲ್ಲ" ಅನ್ನುತ್ತಾರೆ. ರಾಗಿ ಮೂಟೆ ಅವರ ಕಣ್ಣ ಮುಂದೆಯೇ ಇರುತ್ತದೆ. ಬೆಳೆ ವಿಮೆಗೂ ಇದೇ ಗತಿ. 2016ರಿಂದ ಬಂದಿರುವ ಫಸಲ್ ಬಿಮಾದಲ್ಲಿ ಮುಂಗಾರು ಬೆಳೆಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ತೋಟದ ಮತ್ತು ವಾಣಿಜ್ಯ ಬೆಳೆಗೆ 5 ರೂಪಾಯಿ ನಮ್ಮ ಪಾಲು. ಸಾಲ ಇದ್ದವನ ಖಾತೆಯಿಂದ ಬ್ಯಾಂಕಿನವರೇ ಮುರಿದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಬರೆದ ಬೆಳೆ ಒಂದು, ಸಮೀಕ್ಷೆಯಲ್ಲಿ ಬಂದ ಬೆಳೆ ಇನ್ನೊಂದು ಆದರೆ ಪರಿಹಾರ ತಿರಸ್ಕಾರ. ಕಂತು ಮುರಿಯುವಾಗ ಮಾತ್ರ ಯಾವ ಕಂಪ್ಯೂಟರೂ ತಿರಸ್ಕಾರ ಮಾಡಿದ್ದನ್ನು ನಾವು ಕಾಣೆವು. 2020ರ ಮುಂಗಾರಿನಿಂದ ವಿಮೆ ಕಡ್ಡಾಯವಲ್ಲ, ಬೇಡವಾದವರು ಗಡುವಿಗೆ ಏಳು ದಿನ ಮುಂಚೆ ಬರೆದುಕೊಟ್ಟರೆ ಮುರಿಯುವಂತಿಲ್ಲ. ಇದನ್ನು ಎಷ್ಟು ಶಾಖೆಗಳಲ್ಲಿ ಹೇಳುತ್ತಾರೆ?

ಹೆಬ್ಬೆಟ್ಟಿನ ಯಂತ್ರ ಇನ್ನೂ ಅಪಾಯದ್ದು. ಊರಿಗೆ ಬರುವ ಬ್ಯಾಂಕ್ ಮಿತ್ರ ಪುಟ್ಟ ಡಬ್ಬಿಯ ಮೇಲೆ ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುತ್ತಾನೆ. ಮುದುಕರಿಗೆ ಅನುಕೂಲವೇ. ಆದರೆ "ಸರ್ವರ್ ಇಲ್ಲ ಅಜ್ಜೀ, ಇನ್ನೊಂದ್ಸಲ ಒತ್ತು" ಅಂದಾಗ, ಮೊದಲು ಒತ್ತಿದ್ದರಲ್ಲೇ ಹಣ ಹೋಗಿದೆಯೋ ಇಲ್ಲವೋ ಅಜ್ಜಿಗೆ ಹೇಗೆ ಗೊತ್ತು? ಪ್ರತಿ ಒತ್ತಿಗೂ ಚೀಟಿ ಕೇಳಬೇಕು, ಪಾಸ್‌ಬುಕ್ಕು ಬರೆಸಬೇಕು. ಹುಡುಗರು ಮೊಬೈಲಿನ ಸಾಲದ ಆ್ಯಪಿನಲ್ಲಿ ಐದು ಸಾವಿರ ಎತ್ತಿ, ನೆಂಟರಿಷ್ಟರಿಗೆಲ್ಲ ಬೆದರಿಕೆ ಕರೆ ಹೋಗುವಂತೆ ಮಾಡಿಕೊಳ್ಳುತ್ತಿದ್ದಾರೆ. ಆ್ಯಪಿನವರು ಫೋನಿನೊಳಗಿನ ನಂಬರುಗಳಿಗೆ ಕೈಹಾಕಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಹಳೆಯ ಸಾಹುಕಾರ ಮನೆ ಜಗಲಿಗೆ ಬರುತ್ತಿದ್ದ, ಹೊಸ ಸಾಹುಕಾರ ಜೇಬಿನೊಳಗೇ ಕೂತಿದ್ದಾನೆ. ಅಷ್ಟೇ ವ್ಯತ್ಯಾಸ.

ಯಂತ್ರ ಬೇಡ ಅನ್ನುವ ಮೂರ್ಖರು ನಾವಲ್ಲ. ನೇಗಿಲೂ ಒಂದು ಯಂತ್ರವೇ. ಯಂತ್ರ ಯಾರ ಕೈಯಲ್ಲಿದೆ, ಅದು ತಪ್ಪಿದರೆ ಯಾರು ಜವಾಬ್ದಾರರು, ಇದಿಷ್ಟನ್ನೇ ನಾವು ಕೇಳಬೇಕು. ಮೊಬೈಲಿನ ಡಬ್ಬಿಯ ಮೇಲೆ ಬೆಲೆ ಅಚ್ಚು ಹಾಕಿದವನು ಅದನ್ನು ಮಾಡಿದ ಕಂಪನಿಯವನು. ಟ್ರ್ಯಾಕ್ಟರಿಗೂ ಅವನೇ, ಸೋಪಿಗೂ ಅವನೇ. ನಾವು ಬೆಳೆದ ರಾಗಿಗೆ ಮಾತ್ರ ಮೂಟೆ ಹೊತ್ತು ಹೋಗಿ "ಎಷ್ಟಕ್ಕೆ ತಗೋತೀರಿ ಸ್ವಾಮಿ?" ಅಂತ ಕೇಳಬೇಕು. ಎಷ್ಟೇ ಹೊಸ ಯಂತ್ರ ಬಂದರೂ ಈ ಒಂದು ಪ್ರಶ್ನೆ ಬದಲಾಗಿಲ್ಲ.

ಮಾಡಬೇಕಾದ್ದು

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಗುಂಡಿಗೆ ಎದೆ ಕೊಟ್ಟದ್ದು ಯಾಕೆ? ಮಲಪ್ರಭೆಯ ನೀರಿನ ಹೆಸರಲ್ಲಿ ಹಾಕಿದ ಅಭಿವೃದ್ಧಿ ಕರದ ಲೆಕ್ಕ ಕೇಳಿದ್ದಕ್ಕೆ. ನೀರು ಸರಿಯಾಗಿ ಬಾರದ ಹೊಲಕ್ಕೆ ಕರ ಎಲ್ಲಿಯದು ಅಂತ ಕೇಳಿದ್ದಕ್ಕೆ. ತಹಸೀಲ್ದಾರ ಒಳ್ಳೆಯವನೋ ಕೆಟ್ಟವನೋ ಅಂತ ಅವರು ಕಟ್ಟೆ ಮೇಲೆ ಚರ್ಚೆ ಮಾಡುತ್ತಾ ಕೂತಿದ್ದರೆ ಈ ನಾಡಿನಲ್ಲಿ ರೈತ ಚಳವಳಿಯೇ ಹುಟ್ಟುತ್ತಿರಲಿಲ್ಲ. ಆಮೇಲೆ ಊರ ಬಾಗಿಲಲ್ಲಿ ಬೋರ್ಡು ಹಾಕಿ, ವಸೂಲಿಗೆ ಬರುವವರು ಅನುಮತಿ ಕೇಳಿ ಒಳಗೆ ಬರಬೇಕು ಅಂದ ಹಳ್ಳಿಗಳು ಇದೇ ನಾಡಿನವು.

ಆದ್ದರಿಂದ ಪ್ರತಿ ಊರಿನ ಘಟಕ ಈ ಸುಗ್ಗಿಯೊಳಗೆ ಐದು ಕೆಲಸ ಮಾಡಲಿ.

ಊರಿನ ಪ್ರತಿಯೊಬ್ಬ ಸಾಲಗಾರನೂ ಬ್ಯಾಂಕಿಗೆ, ಸಂಘಕ್ಕೆ ಬರಹದಲ್ಲಿ ಅರ್ಜಿ ಕೊಟ್ಟು ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಲಿ. ಅರ್ಜಿಗೆ ಸ್ವೀಕೃತಿ ಮೊಹರು ಇರಲಿ. ಬಂದ ಸ್ಟೇಟ್‌ಮೆಂಟುಗಳನ್ನು ಕಟ್ಟೆ ಮೇಲೆ ಹರಡಿ, ಓದಿದ ಹುಡುಗ ಹುಡುಗಿಯರಿಂದ ಬಡ್ಡಿ ಲೆಕ್ಕ ಹಾಕಿಸಿ. ಊರಿನಿಂದ ಹೋದ ಮಾಲಿಗೆ ಲೈಸೆನ್ಸ್ ನಂಬರಿರುವ ಚೀಟಿ ಇಲ್ಲದೆ ಲಾರಿ ಇಳಿಸುವುದಿಲ್ಲ ಅಂತ ಒಟ್ಟಾಗಿ ತೀರ್ಮಾನ ಮಾಡಿ. ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಯಾರೂ ರುಜು ಹಾಕಬಾರದು, ಹಾಕುವ ಸಂದರ್ಭ ಬಂದವನು ಮೊದಲು ಊರಿಗೆ ತಿಳಿಸಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ ಅಂತ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಗಡುವಿನೊಳಗೇ ಕೊಡಿ.

ಇದು ಕ್ರಾಂತಿಯಲ್ಲ, ಬರೀ ಲೆಕ್ಕ ಕೇಳುವುದು. ಆದರೆ ಲೆಕ್ಕ ಕೇಳುವ ರೈತನನ್ನು ಕಂಡರೆ ಬ್ಯಾಂಕಿಗೂ ಭಯ, ಮಂಡಿಗೂ ಭಯ, ವಿಧಾನಸೌಧಕ್ಕೂ ಭಯ. ಕೈಮುಗಿದು ನಿಂತವನಿಗೆ ಒಳ್ಳೆಯ ಸಾಹೇಬ, ಕೆಟ್ಟ ಸಾಹೇಬ ಅಂತ ಎರಡೇ ಜಾತಿ ಕಾಣುತ್ತದೆ. ಕಾಗದ ಹಿಡಿದು ನಿಂತವನ ಎದುರು ಎಲ್ಲಾ ಸಾಹೇಬರೂ ಒಂದೇ. ಅವರು ಉತ್ತರ ಕೊಡಬೇಕಾದವರು, ನಾವು ಕೇಳಬೇಕಾದವರು.

ಮುಂದಿನ ಸಲ ಕಟ್ಟೆ ಮೇಲೆ ಯಾರಾದರೂ "ಎಲ್ಲಾ ಅಷ್ಟೇ ಬಿಡು" ಅಂದರೆ ಬಿಡಬೇಡಿ. "ಎಷ್ಟು? ಲೆಕ್ಕ ಹೇಳು" ಅನ್ನಿ.